ಮಗುವನ್ನು ಕೂರಿಸಿಕೊಳ್ಳುವ ಸೈಕಲ್ಲು: ಕೊಳ್ಳುವ ಮುನ್ನ ನಾಲ್ಕು ಮಾತು

ಕಳೆದ ತಿಂಗಳು ಓದುಗರೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಚಾಣಕ್ಯಪುರಿಯ ರಾಯಭಾರ ಕಚೇರಿಯೊಂದರಲ್ಲಿ ಅವರು ಗುಮಾಸ್ತರು. ಆರ್.ಕೆ. ಪುರಂ ಪಕ್ಕದ ಮಹಮ್ಮದಪುರದಲ್ಲಿ ಒಂದೂವರೆ ಕೋಣೆಯ ಬಿಡಾರ ಹಿಡಿದು, ಎರಡು ವರ್ಷಗಳ ಹಿಂದೆ ಊರಿನಿಂದ ಹೆಂಡತಿಯನ್ನೂ ಮಗನನ್ನೂ ಕರೆತಂದಿದ್ದಾರೆ. ಮಗನಿಗೆ ಈಗ ಮೂರು ವರ್ಷ ತುಂಬಿದೆ. ಕಚೇರಿಗೆ ಹೋಗುವ ದಾರಿಯಲ್ಲೇ ಅವನನ್ನು ಶಿಶುವಿಹಾರಕ್ಕೆ ಬಿಟ್ಟು ಮುಂದೆ ಹೋಗಬೇಕು. ದಿನವೂ ಆಟೋರಿಕ್ಷಾಕ್ಕೆ ಕೊಡುವಷ್ಟು ಸಂಬಳವಿಲ್ಲ. ಬೆಳಗಿನ ಬಸ್ಸಿನ ನೂಕುನುಗ್ಗಲಿಗೆ ಮಗುವನ್ನು ಒಡ್ಡಲು ಮನಸ್ಸಿಲ್ಲ. ಸಾಲ ಮಾಡಿ ಮೋಟರ್ ಸೈಕಲ್ಲು ಕೊಳ್ಳಲು ಧೈರ್ಯವಿಲ್ಲ.

"ಒಂದು ಸೈಕಲ್ ತಗೋಬೇಕು ಅಂತ ಇದ್ದೇನೆ, ಸಾರ್. ಮಗುವನ್ನು ಕೂರಿಸಿಕೊಂಡು ಹೋಗೋದಕ್ಕೆ ಯಾವುದು ಒಳ್ಳೆಯದು? ಎಲ್ಲಾ ಸೇರಿ ಏಳು ಸಾವಿರದೊಳಗೆ ಆಗಬೇಕು" ಎಂದು ಕೇಳಿದರು.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದಕ್ಕೆ ಆ ಕ್ಷಣವೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ವಿಚಾರಿಸಿ ಹೇಳುತ್ತೇವೆಂದು ಅವರನ್ನು ಕಳುಹಿಸಿಕೊಟ್ಟೆವು. ಹಾಗೇಕೆ ತಡೆದೆವೆಂಬುದನ್ನು ಮೊದಲು ಹೇಳಿಬಿಡುವುದು ಮೇಲು.

ನಾವು ಕಲಿತ ಪಾಠ

ಈ ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಹೋಟೆಲು ನಡೆಸುತ್ತಿದ್ದುದು ಓದುಗರಲ್ಲಿ ಅನೇಕರಿಗೆ ತಿಳಿದ ಸಂಗತಿ. ೨೦೧೧ರ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಅಡಿಗೆಭಟ್ಟರು ಗಲ್ಲೆಯ ಬಳಿಗೆ ಬಂದು, ನಾಲ್ಕು ವರ್ಷದ ಮಗಳಿಗೆ ಜ್ವರ ಬಂದಿದೆ, ವೈದ್ಯರಿಗೆ ತೋರಿಸಿಕೊಂಡು ಬರುತ್ತೇನೆ ಎಂದರು. "ಹೋಟೆಲಿನ ಸೈಕಲ್ಲು ಇದೆಯಲ್ಲ, ತೆಗೆದುಕೊಂಡು ಹೋಗಿ ಭಟ್ಟರೇ" ಎಂದು ಕುಳಿತಲ್ಲಿಂದಲೇ ಅಪ್ಪಣೆ ಕೊಟ್ಟವರು ನಾವು. ಹಾಲಿನ ಕ್ಯಾನು, ತರಕಾರಿ ಮೂಟೆ ಹೊರಲು ಇಟ್ಟುಕೊಂಡಿದ್ದ ಎತ್ತರದ ಸೈಕಲ್ಲು ಅದು. ಮಗುವನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿ, "ಅಪ್ಪನನ್ನು ಗಟ್ಟಿಯಾಗಿ ಹಿಡಿದುಕೋ" ಎಂದು ಹೇಳಿ ಅವರು ಹೊರಟರು.

ಜ್ವರದ ಮಗು ದಾರಿಯಲ್ಲಿ ತೂಕಡಿಸಿತು. ಜೋತುಬಿದ್ದ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿತು. "ಚಕ್ರ ಬಿಗಿಯಿತೆಂದು ಇನ್ನೂ ಜೋರಾಗಿ ತುಳಿದೆ, ಧಣಿಗಳೇ. ಮಗು ಕೂಗಿದ ಮೇಲೆ ತಿಳಿಯಿತು" ಎಂದು ಭಟ್ಟರು ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ನಿಂತು ಹೇಳಿದ ಮಾತು ನಮ್ಮ ಕಿವಿಯಿಂದ ಇಂದಿಗೂ ಹೋಗಿಲ್ಲ. ಹಿಮ್ಮಡಿಯ ಹಿಂಬದಿಯ ಚರ್ಮ ಕಿತ್ತುಬಂದಿತ್ತು. ಮೂಳೆ ಮುರಿದಿರಲಿಲ್ಲವೆಂಬುದೇ ಭಾಗ್ಯ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಅದು ಅಪರೂಪದ ಅಪಘಾತವೇನಲ್ಲ. ಹೆಚ್ಚಾಗಿ ಎರಡರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಹೀಗಾಗುವುದೆಂದೂ, ಬಹುಪಾಲು ಹಿಂದಿನ ಚಕ್ರಕ್ಕೇ ಕಾಲು ಸಿಗುವುದೆಂದೂ, ಮೇಲೆ ಸಣ್ಣದಾಗಿ ಕಾಣುವ ಗಾಯ ಒಳಗೆ ಜಜ್ಜಿಹೋಗಿರುವುದರಿಂದ ಎರಡು ಮೂರು ದಿನಗಳಾದ ಮೇಲೆ ಕೆಡುವುದುಂಟೆಂದೂ ವೈದ್ಯರು ನಮಗೆ ತಿಳಿಸಿದರು. ಆದಕಾರಣ ಹೀಗಾದಾಗ ಅರಿಸಿನ ಮೆತ್ತಿ ಸುಮ್ಮನಿರದೆ ಆಸ್ಪತ್ರೆಗೆ ತೋರಿಸತಕ್ಕದ್ದು. ಈ ಅಪಘಾತವನ್ನು ತಪ್ಪಿಸಬಲ್ಲ ಕಂಬಿಯ ಬಲೆಯೊಂದಕ್ಕೆ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿ. ಅಂಥ ಬಲೆಯೊಂದು ಉಂಟೆಂಬುದೇ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಡಿದ ಉದಾರದ ಮಾತಿಗೆ ಬೆಲೆ ತೆತ್ತದ್ದು ಆ ಮಗು.

ಈ ಕಾರಣದಿಂದಲೇ ಗುಮಾಸ್ತರ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸೈಕಲ್ಲು ರಿಪೇರಿಯವರನ್ನು ಕೇಳಿ, ಝಂಡೇವಾಲಾನ್ ಸೈಕಲ್ ಪೇಟೆಯಲ್ಲಿ ಎರಡು ದಿನ ಅಲೆದು, ತಿಳಿದವರಲ್ಲಿ ವಿಚಾರಿಸಿ ಕಂಡುಕೊಂಡದ್ದನ್ನು ಇಲ್ಲಿ ಎಲ್ಲ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಮಗು, ಆಮೇಲೆ ಸೈಕಲ್ಲು

ಮಗುವಿಗೆ ಸೈಕಲ್ಲು ಹತ್ತುವ ವಯಸ್ಸಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕುಳಿತುಕೊಳ್ಳಬಲ್ಲ, ತಲೆಯ ಮೇಲೆ ಹೆಲ್ಮೆಟ್ಟಿನ ಭಾರವಿದ್ದರೂ ಕತ್ತನ್ನು ಸ್ಥಿರವಾಗಿ ಹಿಡಿಯಬಲ್ಲ ಮಗುವನ್ನು ಮಾತ್ರ ಕೂರಿಸಿಕೊಳ್ಳಬಹುದು. ಒಂದು ವರ್ಷ ತುಂಬುವ ಮೊದಲು ಸರ್ವಥಾ ಕೂಡದು. ಸೀರೆಯಿಂದಲೋ ಶಾಲಿನಿಂದಲೋ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ತುಳಿಯುವುದೂ ಕೂಡದು; ಸವಾರ ಬಿದ್ದರೆ ಮಗು ಅವನ ಭಾರದ ಕೆಳಗೇ ಸಿಗುತ್ತದೆ.

ಎರಡನೆಯದು ತೂಕ. ಮಕ್ಕಳು ಸಾಧಾರಣವಾಗಿ ಮೂರನೆಯ ವರ್ಷದಲ್ಲಿ ೧೪ ಕಿಲೋ, ಐದನೆಯ ವರ್ಷದಲ್ಲಿ ೧೮ ಕಿಲೋ ತೂಗುತ್ತಾರೆ. ಯುರೋಪಿನ ನಿಯಮದಂತೆ ಮಕ್ಕಳ ಪೀಠಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ: ಮುಂದೆ ಕೂರಿಸುವ ಪೀಠ ೯ರಿಂದ ೧೫ ಕಿಲೋವರೆಗೆ, ಹಿಂದೆ ಕೂರಿಸುವ ದೊಡ್ಡ ಪೀಠ ೯ರಿಂದ ೨೨ ಕಿಲೋವರೆಗೆ. ನಮ್ಮ ಪೇಟೆಯಲ್ಲಿ ಸಿಗುವ ಒಳ್ಳೆಯ ಪೀಠಗಳ ಮೇಲೂ ಈ ಅಂಕಿ ಅಚ್ಚಾಗಿರುತ್ತದೆ. ಮೂರು ವರ್ಷದ ಮಗುವಿಗೆ ಮುಂದಿನ ಪೀಠ ಕೊಂಡರೆ ಒಂದೇ ವರ್ಷದಲ್ಲಿ ಅದು ಅಟ್ಟ ಸೇರುತ್ತದೆ. ಹಿಂದಿನ ಪೀಠವಾದರೆ ಐದು ವರ್ಷ ದಾಟುವವರೆಗೂ ನಡೆಯುತ್ತದೆ. ಹಣವನ್ನು ಎಣಿಸಿ ಖರ್ಚು ಮಾಡುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಅಡ್ಡಕಂಬಿಯ ಪ್ರಶ್ನೆ

ಇನ್ನು ಸೈಕಲ್ಲಿನ ಮಾತು. ನಮ್ಮವರು ಸೈಕಲ್ಲೆಂದರೆ ಒಡನೆ ನೆನೆಯುವುದು ಅಡ್ಡಕಂಬಿಯುಳ್ಳ, ೨೮ ಅಂಗುಲ ಚಕ್ರದ ಕಪ್ಪು ಸೈಕಲ್ಲನ್ನು. ಬಾಲ್ಯದಲ್ಲಿ ಒಳಪೆಡಲು ತುಳಿದು ಮಂಡಿ ತರಚಿಕೊಂಡದ್ದು ಅದರ ಮೇಲೆಯೇ ಅಲ್ಲವೇ? ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಸಿಲಿಂಡರನ್ನೂ ಹೊತ್ತೀತು, ಅಕ್ಕಿಮೂಟೆಯನ್ನೂ ಹೊತ್ತೀತು. ಆದರೂ ಮಗುವನ್ನು ಹೊರಲು ಅದನ್ನು ಕೊಳ್ಳಬೇಡಿರೆಂದೇ ನಮ್ಮ ಸಲಹೆ.

ಕಾರಣ ಬಹು ಸರಳ. ಆ ಸೈಕಲ್ಲನ್ನು ನಾವು ಹತ್ತುವುದು ಹೇಗೆ? ಬಲಗಾಲನ್ನು ಹಿಂದಿನಿಂದ ಬೀಸಿ, ಕ್ಯಾರಿಯರಿನ ಮೇಲಿಂದ ಹಾಯಿಸಿ. ಕ್ಯಾರಿಯರಿನ ಮೇಲೆ ಪೀಠವಿದ್ದು, ಪೀಠದಲ್ಲಿ ಮಗುವಿದ್ದರೆ ಕಾಲನ್ನು ಎಲ್ಲಿಂದ ಬೀಸುವುದು? ಮಗುವಿನ ತಲೆಗೆ ತಗಲುತ್ತದೆ, ಇಲ್ಲವೇ ಸೈಕಲ್ಲನ್ನು ಓರೆ ಮಾಡಿ ಅಡ್ಡಕಂಬಿಯ ಮೇಲಿಂದ ಕಾಲನ್ನು ಎತ್ತಿ ಹಾಕುವ ಸರ್ಕಸ್ಸು ಮಾಡಬೇಕಾಗುತ್ತದೆ. ಥಟ್ಟನೆ ಇಳಿಯಬೇಕಾದಾಗ ಇದೇ ಕಷ್ಟ ನೂರ್ಮಡಿಯಾಗುತ್ತದೆ. ನಾಯಿ ಅಡ್ಡ ಬಂದಿತು, ಕಾರಿನ ಬಾಗಿಲು ತೆರೆಯಿತು ಎಂದಾಗ ಎರಡು ಪಾದಗಳೂ ಒಮ್ಮೆಗೇ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಸೈಕಲ್ಲು ಮಗುವಿನೊಡನೆ ವಾಲುತ್ತದೆ. ಒಮ್ಮೆ ವಾಲಿದ ಅಷ್ಟು ಭಾರವನ್ನು ಒಂದು ಕಾಲಿನ ಬಲದಿಂದ ತಡೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಆದಕಾರಣ ಬೇಕಾದದ್ದು ಕೆಳಗಿಳಿದ ಕಂಬಿಯ ಸೈಕಲ್ಲು. ನಡುವಿನಿಂದಲೇ ಕಾಲು ದಾಟಿಸಿ ನಿಲ್ಲಬಹುದಾದದ್ದು. ಪೇಟೆಯಲ್ಲಿ ಇದಕ್ಕೆ ಲೇಡೀಸ್ ಸೈಕಲ್ಲು ಎನ್ನುತ್ತಾರೆ.

ಇದನ್ನು ಹೇಳಿದೊಡನೆ ನಮ್ಮ ಗುಮಾಸ್ತರ ಮುಖ ಸಪ್ಪಗಾಯಿತು. "ಹೆಂಗಸರ ಸೈಕಲ್ಲೇ, ಸಾರ್? ಆಫೀಸಿನಲ್ಲಿ ನಗುತ್ತಾರೆ" ಎಂದರು. ನಗಲಿ. ಜಪಾನಿನ ನಗರಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಬಳಸುವ ಸೈಕಲ್ಲುಗಳು ಬಹುಮಟ್ಟಿಗೆ ಇದೇ ಬಗೆಯವು. 'ಮಾಮಾಚಾರಿ', ಎಂದರೆ ಅಮ್ಮನ ಸೈಕಲ್ಲು ಎಂದೇ ಅದಕ್ಕೆ ಹೆಸರು. ಕೋಟು ತೊಟ್ಟ ಗಂಡಸರೂ ಅದನ್ನೇ ತುಳಿಯುತ್ತಾರೆ. ಅಲ್ಲಿ ೨೦೦೯ರಿಂದ, ತಕ್ಕಂತೆ ರಚಿಸಿದ ಸೈಕಲ್ಲಾದರೆ ಇಬ್ಬರು ಮಕ್ಕಳನ್ನು ಕೂರಿಸಿಕೊಳ್ಳಲೂ ಅನುಮತಿಯುಂಟು. ಪ್ಯಾರಿಸ್ ನಗರದಲ್ಲಿ ೨೦೦೭ರಲ್ಲಿ ಆರಂಭವಾದ ಬಾಡಿಗೆ ಸೈಕಲ್ಲುಗಳಿಗೂ ಎತ್ತರದ ಅಡ್ಡಕಂಬಿಯಿಲ್ಲ. ಗಂಡು ಹೆಣ್ಣೆನ್ನದೆ ಎಲ್ಲರೂ ಹತ್ತಬೇಕಲ್ಲ! ನಮ್ಮ ಕರ್ನಾಟಕದಲ್ಲೇ ೨೦೦೬–೦೭ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ, ಹಳ್ಳಿಯ ಹೆಣ್ಣುಮಕ್ಕಳು ಇಂಥ ಸೈಕಲ್ಲನ್ನೇ ತುಳಿದು ಮೈಲಿಗಟ್ಟಲೆ ದೂರದ ಹೈಸ್ಕೂಲಿಗೆ ಹೋಗಿ ಓದಿದರು. ತಂಗಿಯರು ಹೆಮ್ಮೆಯಿಂದ ತುಳಿದುದನ್ನು ಅಣ್ಣಂದಿರು ತುಳಿಯಲು ನಾಚಬೇಕಾದುದಿಲ್ಲ. ಇದರಲ್ಲಿ ಇನ್ನೂ ಒಂದು ಲಾಭವುಂಟು: ಗಂಡನಿಗೆ ಬೆಳಗಿನ ಪಾಳಿ ಬಿದ್ದ ದಿನ ಅದೇ ಸೈಕಲ್ಲಿನಲ್ಲಿ ಹೆಂಡತಿಯೂ ಮಗುವನ್ನು ಬಿಟ್ಟು ಬರಬಹುದು.

ಕೊಳ್ಳುವಾಗ ಸೀಟಿನ ಮೇಲೆ ಕುಳಿತು ನೋಡಿರಿ. ಎರಡು ಪಾದಗಳ ಮುಂಭಾಗ ಒಟ್ಟಿಗೆ ನೆಲಕ್ಕೆ ಊರಬೇಕು. ಮಾಮೂಲಿಗಿಂತ ಸೀಟನ್ನು ತುಸು ತಗ್ಗಿಸಿಕೊಂಡರೂ ಚಿಂತೆಯಿಲ್ಲ. ಈಚೆಗೆ ಹುಡುಗರು ಮೆಚ್ಚುವ ದಪ್ಪ ಟಯರಿನ ರೇಂಜರ್ ಸೈಕಲ್ಲು ಈ ಕೆಲಸಕ್ಕಲ್ಲ. ಹಿಂದೆ ಸ್ಪ್ರಿಂಗ್ ಇರುವಂಥದ್ದಕ್ಕೆ ಕ್ಯಾರಿಯರೇ ಸರಿಯಾಗಿ ಕೂರದು.

ಪೀಠ, ಕ್ಯಾರಿಯರು, ಬಲೆ

ಅಡ್ಡಕಂಬಿಯ ಮೇಲೆ ಬಿಗಿಯುವ ಪುಟ್ಟ ಸೀಟು ನಮ್ಮ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮಗು ಕಣ್ಣೆದುರೇ ಇರುವುದೆಂಬುದು ಅದರ ಗುಣ. ಆದರೆ ಬಹುತೇಕ ಅದಕ್ಕೆ ಬೆನ್ನೊರಗು ಇಲ್ಲ, ಕಟ್ಟಲು ಪಟ್ಟಿಯಿಲ್ಲ, ಕಾಲಿಗೆ ಆಧಾರವಿಲ್ಲ. ಮುಂಚಕ್ರ ಪಾದದ ಸಮೀಪದಲ್ಲೇ ತಿರುಗುತ್ತಿರುತ್ತದೆ. ಆದುದರಿಂದ ಹಿಂದಿನ ಪೀಠವೇ ಲೇಸು. ಅದರಲ್ಲಿ ಮೂರು ಅಂಗಗಳನ್ನು ನೋಡತಕ್ಕದ್ದು: ತಲೆಯವರೆಗೆ ಏರಿದ ಬೆನ್ನೊರಗು, ಎರಡೂ ಭುಜಗಳ ಮೇಲಿಂದ ಬಂದು ನಡುವಿನಲ್ಲಿ ಸೇರುವ ಪಟ್ಟಿ, ಪಾದವನ್ನಿಟ್ಟು ಕಟ್ಟಬಹುದಾದ ಅಂಚುಳ್ಳ ಮೆಟ್ಟಿಲು. ಬರಿಯ ಕಂಬಿಯ ಕುರ್ಚಿಗೆ ಮೆತ್ತೆ ಹೊಲಿಸಿದರೆ ಪೀಠವಾಗದು.

ಪೀಠ ಎಷ್ಟೇ ಚೆನ್ನಾಗಿದ್ದರೂ ಅದು ಕೂರುವುದು ಕ್ಯಾರಿಯರಿನ ಮೇಲೆ. ಸೀಟಿನ ಕೊಳವೆಗೆ ಮಾತ್ರ ಕಚ್ಚಿಸುವ ತೆಳು ಕ್ಯಾರಿಯರು ಪುಸ್ತಕದ ಚೀಲಕ್ಕಷ್ಟೇ ಸಾಕು. ಮಗುವಿಗೆ ಬೇಕಾದದ್ದು ಹಿಂದಿನ ಚಕ್ರದ ಅಚ್ಚಿನವರೆಗೂ ಇಳಿದು ಎರಡೂ ಬದಿಯಲ್ಲಿ ನಟ್ಟು ಬಿಗಿದ ಉಕ್ಕಿನ ಕ್ಯಾರಿಯರು. ಅದು ೨೫ ಕಿಲೋ ಹೊರಬಲ್ಲದೇ ಎಂದು ಕೇಳಿರಿ: ಮಗು ೧೮, ಪೀಠ ೪, ಚೀಲ ೨, ಅಲ್ಲಿಗೇ ೨೪ ಆಯಿತು. ಹೋಟೆಲಿನಲ್ಲಿ ದುಡಿಯುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿದರೆ ಏನಾಗುವುದೆಂಬುದನ್ನು ಅವರು ಬಲ್ಲರು.

ಆಮೇಲೆ, ಮರೆಯಲೇಬಾರದ್ದು, ಚಕ್ರದ ಬಲೆ. ಲೇಡೀಸ್ ಸೈಕಲ್ಲುಗಳಿಗೆ ಸೀರೆಯಂಚು ಸಿಗದಂತೆ ಒಂದು ಬದಿಗೆ ಬಲೆ ಇರುವುದುಂಟು. ಮಗುವಿಗೆ ಎರಡೂ ಬದಿ ಬೇಕು. ಇದ್ದ ಬಲೆಯಲ್ಲಿ ಮಗುವಿನ ಬೆರಳು ತೂರುವಷ್ಟು ಸಂದಿದ್ದರೆ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ತಂತಿಯಿಂದ ಬಿಗಿಸಿರಿ. ಚೈನನ್ನು ಪೂರ್ತಿ ಮುಚ್ಚುವ ಕವಚವಿರಲಿ. ನಿಮ್ಮ ಸೀಟಿನ ಅಡಿಯಲ್ಲಿ ಸ್ಪ್ರಿಂಗುಗಳಿದ್ದರೆ ಅವುಗಳಿಗೆ ದಪ್ಪ ಬಟ್ಟೆಯನ್ನೋ ರಬ್ಬರನ್ನೋ ಸುತ್ತಿಸಿರಿ. ಹಿಂದೆ ಕುಳಿತ ಮಗು ಕೈಯಾಡಿಸುವುದು ಮೊದಲು ಅಲ್ಲಿಗೇ. ನೀವು ಕುಕ್ಕರಿಸಿದಾಗ ಆ ಎಳೆ ಬೆರಳು ಸಿಕ್ಕಿಕೊಳ್ಳಬಾರದು.

ಸ್ಟ್ಯಾಂಡು ಒಂಟಿಗಾಲಿನದಾಗದೆ ಎರಡು ಕಾಲಿನದಾಗಿರಲಿ. ಆದರೆ ಯಾವ ಸ್ಟ್ಯಾಂಡನ್ನೂ ನಂಬಿ ಮಗುವನ್ನು ಪೀಠದಲ್ಲೇ ಬಿಟ್ಟು ಅಂಗಡಿಗೆ ಹೋಗಬೇಡಿರಿ, ಅರ್ಧ ನಿಮಿಷಕ್ಕೂ ಬೇಡ. ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಮಗುವನ್ನು ಕೂರಿಸುವುದು, ನಿಂತೊಡನೆ ಮೊದಲು ಮಗುವನ್ನು ಇಳಿಸುವುದು, ಈ ಕ್ರಮ ರೂಢಿಯಾಗಬೇಕು.

ಬ್ರೇಕು, ಟಯರು, ಗೇರು

ಸವಾರ ೬೦ ಕಿಲೋ, ಸೈಕಲ್ಲು ೧೮, ಮಗು ೧೪, ಪೀಠ ೪, ಡಬ್ಬಿ ಚೀಲ ೪. ಒಟ್ಟು ನೂರು ಕಿಲೋ. ಗಂಟೆಗೆ ೧೫ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು. ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ. ಬ್ರೇಕು ಹಿಡಿದ ಮೇಲೂ ಮೂರು ಮೀಟರ್ ಹೋಗುತ್ತದೆ. ಅಂತೂ ನಿಲ್ಲಲು ಏಳು ಮೀಟರ್ ಬೇಕು. ಇದು ಒಣ ರಸ್ತೆಯ, ಒಳ್ಳೆಯ ಬ್ರೇಕಿನ ಲೆಕ್ಕ.

ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರು ಅದರ ಮೇಲೆ ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲೂ ಬಹುಮಟ್ಟಿಗೆ ಹಿಡಿಯುತ್ತದೆ. ಎರಡನ್ನೂ ಬಣ್ಣದಿಂದ ಗುರುತಿಸಲಾಗದಿದ್ದರೆ ಜೇಬಿನಲ್ಲೊಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿರಿ. ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಹಳೆಯ ಕಂಬಿ ಬ್ರೇಕಿಗಿಂತ ತಂತಿ ಬ್ರೇಕು ಮೇಲು. ಮುಂದಿನದೂ ಹಿಂದಿನದೂ ಎರಡೂ ಸರಿಯಾಗಿ ಹಿಡಿಯಬೇಕು.

ಟಯರು ೨೬ ಅಂಗುಲದ, ನಡುತರ ಅಗಲದ್ದಾದರೆ ಸಾಕು. ಗಾಳಿಯನ್ನು ಎಷ್ಟು ಹಾಕಬೇಕೆಂಬುದು ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೆಚ್ಚಿನ ಭಾರ ಹೊರುವಾಗ ಗಾಳಿ ಕಡಮೆಯಿರಬಾರದು. ಇನ್ನು ಗೇರಿನ ವಿಷಯ. ದೆಹಲಿ ಬಹುಮಟ್ಟಿಗೆ ಸಮತಟ್ಟಾದ ಊರು. ಸರ್ದಾರ್ ಪಟೇಲ್ ಮಾರ್ಗದ ಬದಿಯ ಗುಡ್ಡದ ಸಾಲನ್ನು ಬಿಟ್ಟರೆ ಚಾಣಕ್ಯಪುರಿಯಲ್ಲಿ ಏರೆನ್ನುವಂಥ ಏರಿಲ್ಲ. ಗೇರಿಗೆ ಕೊಡುವ ಹಣವನ್ನು ಒಳ್ಳೆಯ ಬ್ರೇಕಿಗೆ ಕೊಡುವುದು ಜಾಣತನ.

ಹೊಸದೋ ಹಳೆಯದೋ

ಗೇರಿಲ್ಲದ ಸಾದಾ ಲೇಡೀಸ್ ಸೈಕಲ್ಲು ಹೊಸದಾದರೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ರೂಪಾಯಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ ೧೨ರಿಂದ ೫ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿರಿ. ಏಳು ಸಾವಿರವೂ ಸೈಕಲ್ಲಿಗೇ ಹೋದರೆ ಪೀಠಕ್ಕೂ ಹೆಲ್ಮೆಟ್ಟಿಗೂ ಏನು ಉಳಿಯಿತು? ಹತ್ತು ಪಾಲು ಹಣದಲ್ಲಿ ಆರು ಪಾಲು ಸೈಕಲ್ಲಿಗೆ, ನಾಲ್ಕು ಪಾಲು ಪೀಠ, ಹೆಲ್ಮೆಟ್ಟು, ಬಲೆ, ದೀಪಗಳಿಗೆಂದು ಮೊದಲೇ ಬೇರೆ ಮಾಡಿಡಿರಿ. ಆರು ಪಾಲಿಗೆ ಹೊಸದು ದಕ್ಕದಿದ್ದರೆ ಒಳ್ಳೆಯ ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ.

ಹಳೆಯ ಸೈಕಲ್ಲಿಗೆ ಬಿಡಿಭಾಗ ಸಿಗದೆಂಬ ಭಯವೂ ಬೇಡ. ೧೯೫೧ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿ ಮನೆಮಾತಾಗಿದ್ದ ಅಟ್ಲಾಸ್ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ ೨೦೨೦ರ ಜೂನ್ ೩ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದಾಗ ಎಷ್ಟೋ ಕಾರ್ಮಿಕರ ಮನೆಗಳಲ್ಲಿ ಒಲೆ ಆರುವ ಸ್ಥಿತಿ ಬಂದಿತು. ಆದರೂ ಸಾದಾ ಸೈಕಲ್ಲುಗಳ ಚೈನು, ಟ್ಯೂಬು, ಬ್ರೇಕು ರಬ್ಬರುಗಳ ಅಳತೆ ಬಹುತೇಕ ಒಂದೇ ಆಗಿರುವುದರಿಂದ ರಸ್ತೆ ಬದಿಯ ಮೆಕ್ಯಾನಿಕ್ಕಿನ ಬಳಿ ಎಲ್ಲವೂ ಸಿಗುತ್ತವೆ.

ಹಳೆಯದನ್ನು ನೋಡುವಾಗ ಚಕ್ರವನ್ನೆತ್ತಿ ತಿರುಗಿಸಿರಿ. ರಿಮ್ಮು ಅತ್ತಿತ್ತ ಓಲಾಡಬಾರದು. ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಿರಿ. ಸಡಿಲವಾದದ್ದು ಸದ್ದಿನಿಂದಲೇ ತಿಳಿಯುತ್ತದೆ. ಪೆಡಲಿನ ತೋಳನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿರಿ. ಮುಂಚಕ್ರವನ್ನು ಹಿಡಿದ ಕವಲಿನಲ್ಲೂ ಕಂಬಿಗಳ ಬೆಸುಗೆಯಲ್ಲೂ ಬಿರುಕಿದೆಯೇ, ಹೊಸ ಬಣ್ಣ ಬಳಿದು ಹಳೆಯ ಮುರಿತವನ್ನು ಮುಚ್ಚಿದ್ದಾರೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸಿರಿ. ಮಾರುವವನ ಬಳಿ ರಸೀದಿ ಕೇಳಿ, ಚೌಕಟ್ಟಿನ ಮೇಲೆ ಕೊರೆದ ನಂಬರನ್ನು ಬರೆದಿಟ್ಟುಕೊಳ್ಳಿರಿ. ಕದ್ದ ಸೈಕಲ್ಲು ಅಗ್ಗವಾಗಿ ಸಿಗುತ್ತದೆ. ಪೊಲೀಸು ಠಾಣೆಯ ಮೆಟ್ಟಿಲು ಮಾತ್ರ ದುಬಾರಿ.

ತಲೆಗೆ ಕಾವಲು

ಹೆಲ್ಮೆಟ್ಟಿನ ವಿಷಯದಲ್ಲಿ ಚೌಕಾಸಿ ಬೇಡ. ಕೇಂದ್ರ ಸರ್ಕಾರ ೨೦೨೨ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮದಲ್ಲಿ, ಮೋಟರ್ ಸೈಕಲ್ಲಿನ ಹಿಂದೆ ಕೂರುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಅಳತೆಗೊಪ್ಪುವ ಹೆಲ್ಮೆಟ್ಟಿರಬೇಕು, ಕಟ್ಟುಪಟ್ಟಿ ಇರಬೇಕು, ವೇಗ ೪೦ ಕಿಲೋಮೀಟರ್ ಮೀರಬಾರದು ಎಂದು ವಿಧಿಸಿದ್ದಾರೆ. ಅದು ಸೈಕಲ್ಲಿಗೆ ಅನ್ವಯಿಸುವ ನಿಯಮವಲ್ಲ, ನಿಜ. ಆದರೆ ಬಿದ್ದಾಗ ನೆಲದ ಗಟ್ಟಿತನ ವಾಹನವನ್ನು ಕೇಳಿ ಬದಲಾಗುವುದೇ? ಹಣೆಯ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ಸಮನಾಗಿ ಕೂರುವ, ಗಲ್ಲದ ಪಟ್ಟಿಯ ಕೆಳಗೆ ಒಂದು ಬೆರಳು ಮಾತ್ರ ತೂರುವ ಹೆಲ್ಮೆಟ್ಟನ್ನು ಮಗುವನ್ನು ಕರೆದೊಯ್ದೇ ಕೊಳ್ಳಿರಿ. ದೊಡ್ಡದಾದಮೇಲೂ ಆಗಲಿ ಎಂದು ಎರಡು ಅಳತೆ ಹೆಚ್ಚಿನದನ್ನು ತರುವ ಪದ್ಧತಿ ಅಂಗಿಗೆ ಸರಿ, ಹೆಲ್ಮೆಟ್ಟಿಗಲ್ಲ. ತಂದೆಯೂ ಹಾಕಿಕೊಂಡರೆ ಮಗು ಹಠ ಮಾಡದು.

ಮಗುವನ್ನು ಕೂರಿಸುವ ಮೊದಲು ೧೫ ಕಿಲೋ ಅಕ್ಕಿಯ ಚೀಲವನ್ನು ಪೀಠಕ್ಕೆ ಕಟ್ಟಿ, ಭಾನುವಾರ ಬೆಳಗ್ಗೆ ಒಳರಸ್ತೆಯಲ್ಲಿ ಅರ್ಧ ಗಂಟೆ ತುಳಿದು ನೋಡಿರಿ. ಹಿಂದೆ ಭಾರ ಬಿದ್ದಾಗ ಮುಂಚಕ್ರ ಹಗುರಾಗಿ ಹ್ಯಾಂಡಲ್ಲು ಅತ್ತಿತ್ತ ಎಳೆಯುತ್ತದೆ. ಅಕ್ಕಿ ಚೆಲ್ಲಿದರೆ ಗುಡಿಸಿಕೊಳ್ಳಬಹುದು.

ರಸ್ತೆ ಮತ್ತು ಗಾಳಿ

ಚಾಣಕ್ಯಪುರಿಯ ರಸ್ತೆಗಳು ಅಗಲವೂ ನೆರಳುಳ್ಳವೂ ಆಗಿವೆ. ಅಗಲವೇ ಅಪಾಯವೂ ಹೌದು. ಶಾಂತಿಪಥದಲ್ಲೂ ಸರ್ದಾರ್ ಪಟೇಲ್ ಮಾರ್ಗದಲ್ಲೂ ಕಾರುಗಳು ಸೈಕಲ್ಲನ್ನು ಲೆಕ್ಕಕ್ಕೇ ಇಡವು. ವಿನಯ ಮಾರ್ಗ, ಸತ್ಯ ಮಾರ್ಗಗಳಂಥ ಒಳರಸ್ತೆಗಳನ್ನು ಹಿಡಿಯಿರಿ. ಐದು ನಿಮಿಷ ಹೆಚ್ಚಾದರೂ ಆಗಲಿ. ರಿಂಗ್ ರಸ್ತೆಯನ್ನು ದಾಟುವಲ್ಲಿಯೂ ದೊಡ್ಡ ವೃತ್ತಗಳಲ್ಲಿಯೂ ಇಳಿದು, ಮಗು ಪೀಠದಲ್ಲಿರುವಂತೆಯೇ, ಪಾದಚಾರಿಗಳೊಡನೆ ತಳ್ಳಿಕೊಂಡು ದಾಟಿರಿ. ೨೦೦೮ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ಸಿನ ಪ್ರತ್ಯೇಕ ಪಥದೊಡನೆ ಸೈಕಲ್ಲಿಗೂ ಒಂದು ಪಥವನ್ನು ಮಾಡಿದ್ದರು. ೨೦೧೬ರಲ್ಲಿ ಆ ಬಸ್ ಪಥವನ್ನೇ ಕಿತ್ತುಹಾಕಿದರು. ಈ ರಾಜಧಾನಿಯಲ್ಲಿ ಸೈಕಲ್ಲಿನವನು ತನ್ನ ಕ್ಷೇಮವನ್ನು ತಾನೇ ನೋಡಿಕೊ‍ಳ್ಳಬೇಕಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಪೀಠದ ಬೆನ್ನಿಗೆ ಹೊಳೆಯುವ ಪಟ್ಟಿ, ಇವು ಮಂಜಿನ ಬೆಳಗಿನಲ್ಲಿ ಹಗಲಿಗೂ ಬೇಕು.

ದೆಹಲಿಯ ಗಾಳಿಯ ವಿಷಯ ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಕ್ಟೋಬರ್ ಕೊನೆಯಿಂದ ಜನವರಿ ದಾಟುವವರೆಗೆ 'ಸಮೀರ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ದಿನದ ಸೂಚ್ಯಂಕವನ್ನು ನೋಡಿ ಹೊರಡಿರಿ. ೨೦೦ ದಾಟಿದರೆ ಕಳಪೆ, ೩೦೦ ದಾಟಿದರೆ ತೀರ ಕಳಪೆ, ೪೦೦ ದಾಟಿದರೆ ತೀವ್ರ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ. ೩೦೦ ದಾಟಿದ ದಿನ ಆಟೋರಿಕ್ಷಾದ ಖರ್ಚನ್ನು ಔಷಧದ ಖರ್ಚೆಂದೇ ಭಾವಿಸಿ ಕೊಟ್ಟುಬಿಡುವುದು ಲೇಸೆಂದು ನಮಗೆ ತೋರುತ್ತದೆ. ಚಳಿಗಾಲದಲ್ಲಿ ಇನ್ನೊಂದು ಮಾತು: ತುಳಿಯುವ ತಂದೆಗೆ ಮೈ ಬೆಚ್ಚಗಾಗುತ್ತದೆ, ಸುಮ್ಮನೆ ಕುಳಿತ ಮಗುವಿಗೆ ಆಗದು. ನಿಮಗೆ ಒಂದು ಸ್ವೆಟರ್ ಸಾಕೆನಿಸಿದರೆ ಮಗುವಿಗೆ ಎರಡು ತೊಡಿಸಿರಿ. ಕಂಠವಸ್ತ್ರದ ತುದಿ ಜೋತಾಡದಂತೆ ಒಳಗೆ ಸಿಕ್ಕಿಸಿರಿ.

ಕೊನೆಯ ಮಾತು

ಇಷ್ಟೆಲ್ಲ ಹೇಳಿ ಭಯ ಹುಟ್ಟಿಸಿದೆವೋ ಏನೋ ಎಂಬ ಅನುಮಾನ ನಮಗೇ ಬಂದಿತ್ತು. ಮೊನ್ನೆ ಭಾನುವಾರ ನೆಹರೂ ಪಾರ್ಕಿನ ಬಳಿ ಅದು ಪರಿಹಾರವಾಯಿತು. ನಮ್ಮ ಗುಮಾಸ್ತರು ಎದುರಾದರು. ಸೆಕೆಂಡ್ ಹ್ಯಾಂಡಿನ ಲೇಡೀಸ್ ಸೈಕಲ್ಲು, ಅದೂ ಗುಲಾಬಿ ಬಣ್ಣದ್ದು, ಮುಂದೊಂದು ಬುಟ್ಟಿ. "ಬುಟ್ಟಿ ಡಬ್ಬಿ ಇಡೋದಕ್ಕೆ ಆಯಿತು, ಸಾರ್. ಬಣ್ಣ ಮಗನಿಗೆ ಇಷ್ಟವಾಯಿತು" ಎಂದು ತಾವೇ ನಕ್ಕರು. ಎರಡು ಬದಿಗೂ ಬಲೆ ಬಿಗಿಸಿದ್ದರು. ನಾವು ಬಗ್ಗಿ, ಬೆರಳು ತೂರಿಸಿ ಪರೀಕ್ಷಿಸಿದೆವು, ಹೋಗಲಿಲ್ಲ.

ಹಿಂದೆ ಕುಳಿತ ಹುಡುಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಪುರುಸೊತ್ತಿರಲಿಲ್ಲ. "ಅಪ್ಪಾ, ಅದು ಯಾವ ದೇಶದ ಬಾವುಟ? ಅದರಲ್ಲಿ ಮರ ಯಾಕಿದೆ?" ಎಂದು ಕೇಳುತ್ತಲೇ ಇದ್ದ. ತಂದೆ ಗೊತ್ತಿದ್ದುದಕ್ಕೆ ಉತ್ತರ ಹೇಳುತ್ತ, ಗೊತ್ತಿಲ್ಲದ್ದಕ್ಕೆ ನಾಳೆ ಕಚೇರಿಯಲ್ಲಿ ಕೇಳಿಕೊಂಡು ಬರುತ್ತೇನೆನ್ನುತ್ತ ಹೊರಟರು. ಎಲ್ಲವೂ ಕನ್ನಡದಲ್ಲಿ.

ಪರಸ್ಥಳದಲ್ಲಿ ದುಡಿಯುವ ನಮ್ಮವರ ಪಾಡು ಓದುಗರಿಗೆ ಗೊತ್ತೇ ಇದೆ. ಹೋಟೆಲಿನವನು ಮನೆಗೆ ಬರುವಾಗ ಮಗು ಮಲಗಿರುತ್ತದೆ, ಹೊರಡುವಾಗಲೂ ಮಲಗಿರುತ್ತದೆ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಹಿಂದಿ, ಕೈಯ ಫೋನಿನಲ್ಲಿ ಇಂಗ್ಲಿಷು. ತಂದೆಯ ಮಾತು ಮಗುವಿನ ಕಿವಿಗೆ ಬೀಳುವುದಾದರೂ ಯಾವಾಗ? ದಿನಕ್ಕೆ ಇಪ್ಪತ್ತು ನಿಮಿಷದ ಈ ಸವಾರಿ ಆ ಕೊರತೆಯನ್ನು ಕೊಂಚ ತುಂಬೀತು. ಅಷ್ಟಕ್ಕಾದರೂ ಸೈಕಲ್ಲು ಭದ್ರವಾಗಿರಬೇಕು.

ನಮ್ಮ ಭಟ್ಟರ ಮಗಳು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಡೆಯುವುದರಲ್ಲಿ ಯಾವ ಊನವೂ ಇಲ್ಲ. ಹಿಮ್ಮಡಿಯ ಮೇಲೆ ಒಂದು ಗುರುತು ಮಾತ್ರ ಉಳಿದಿದೆ. ಅವಳಿಗೆ ಆ ದಿನದ ನೆನಪು ಇಲ್ಲವಂತೆ. ನಮಗಿದೆ. ಓದುಗರು ಇಂದು ಸಂಜೆಯೇ ತಮ್ಮ ಸೈಕಲ್ಲಿನ ಹಿಂದಿನ ಚಕ್ರವನ್ನು ಒಮ್ಮೆ ಬಗ್ಗಿ ನೋಡಬೇಕೆಂದು ಕೋರುತ್ತೇವೆ.